ಶುಕ್ರವಾರದ ಸೀಮೆಸುಣ್ಣ

ನಮ್ಮ ಐದನೇ ತರಗತಿಯ ಚುನಾವಣೆ
ಎರಡು ಹಾಲಿನಪುಡಿ ಡಬ್ಬಿಗಳಲ್ಲಿ ನಡೆಯಿತು.
ಒಂದಕ್ಕೆ ಸುಜ್ಗೋನ ಹೆಸರು, ಇನ್ನೊಂದಕ್ಕೆ ನನ್ನದು,
ಒಬ್ಬೊಬ್ಬರ ಅಂಗೈಗೂ ಒಂದೇ ಮೆಕ್ಕೆಜೋಳದ ಕಾಳು.
ಮಲಾವಿ ಸರೋವರದ ದಡದಲ್ಲಿ ಅದು ಹಸಿವಿನ ತಿಂಗಳು:
ಹಳೆಯ ಕಣಜ ಬರಿದು, ಹೊಸ ತೆನೆ ಇನ್ನೂ ಹಾಲು.
ಹಿಂದಿನ ಸಾಲಿನ ಹುಡುಗ ಕಪ್ಪುಹಲಗೆಯ ಮರೆಗೆ ಹೋದವನು
ತನ್ನ ಮತವನ್ನು ಕಟುಮ್ಮನೆ ಕಡಿದು ನುಂಗಿಬಿಟ್ಟ.
ನಾವು ಬಿದ್ದು ಬಿದ್ದು ನಕ್ಕೆವು.
ಲುಸುಂಗು ಮೇಡಂ ನಗಲಿಲ್ಲ.
ಹಲಗೆಯ ಮೂಲೆಯಲ್ಲಿ ಬರೆದರು:
ತಿಂದ ಮತ, ಒಂದು.

ಗೆದ್ದದ್ದು ಸುಜ್ಗೋ, ಮೂರು ಕಾಳಿನಿಂದ.
(ಅವನ ಹೆಸರಿಗೆ ನಮ್ಮಲ್ಲಿ 'ತಾಪತ್ರಯ' ಎಂದರ್ಥ.)
ಆ ಬೆಳಗ್ಗೆ ಅವನ ಅಮ್ಮ ಕರಿದ ಮಂಡಾಸಿ
ಬುಟ್ಟಿಯಿಂದ ಹದಿನೈದು ಕಾಣೆಯಾಗಿದ್ದವು.
ನಾನೂ ಒಂದು ತಿಂದಿದ್ದೆ.
ತಿಂದು, ಬೆರಳು ನೆಕ್ಕಿ,
ಕಾಳನ್ನು ಮಾತ್ರ ನನ್ನ ಡಬ್ಬಿಗೇ ಹಾಕಿಕೊಂಡಿದ್ದೆ.

"ಅತ್ತಾಯಿತೇ?" ಎಂದರು ಮೇಡಂ,
"ಹಾಗಾದರೆ ನಿನ್ನ ಕೆಲಸ ಈಗ ಶುರು."
ನಲವತ್ತು ಸೀಮೆಸುಣ್ಣದ ಪೆಟ್ಟಿಗೆ ಅವನ ಕೈಗೆ,
ಮೂರು ಪ್ರಶ್ನೆ ನನ್ನ ಬಾಯಿಗೆ:
ಎಷ್ಟಿತ್ತು? ಎಷ್ಟಿದೆ? ಉಳಿದದ್ದು ಎಲ್ಲಿ?
ಪ್ರತಿ ಶುಕ್ರವಾರ, ಕೊನೆಯ ಗಂಟೆಗೆ ಮುಂಚೆ.

ಮೊದಲ ಶುಕ್ರವಾರ ನನ್ನ ಮಂಡಿ ನಡುಗಿತು.
ಎರಡನೆಯದು, ಸುಳ್ಳೇಕೆ, ಬರೀ ಹೊಟ್ಟೆಕಿಚ್ಚು.
ನಾಲ್ಕನೆಯದಕ್ಕೆ ಇಡೀ ತರಗತಿ ನನ್ನ ಜೊತೆ ಎಣಿಸುತ್ತಿತ್ತು.
ಏಳನೆಯದರಲ್ಲಿ ಎರಡು ತುಂಡು ಕಡಿಮೆ ಬಂತು.
ಅವನು ಕಾಲ್ಬೆರಳಿನಿಂದ ನೆಲ ಕೆರೆಯುತ್ತ ಹೇಳಿದ:
"ತಂಗಿಗೆ ಕೊಟ್ಟೆ. ಕುಂಟೆಬಿಲ್ಲೆಯ ಗೆರೆ ಎಳೆಯಲು."
ಬೆತ್ತಕ್ಕಾಗಿ ಎಲ್ಲರೂ ಮೇಡಂ ಕಡೆ ನೋಡಿದೆವು.
"ಹೇಳಿದನಲ್ಲ. ಬರೆದುಕೋ," ಎಂದರು, ಅಷ್ಟೇ.

ಪೌರನೀತಿಯ ಪುಸ್ತಕವೂ ಒಂದಿತ್ತು ನಮಗೆ.
ಸಂಸತ್ತಿನ ಚಿತ್ರವಿದ್ದ ಪುಟವನ್ನು ಇಲಿ ತಿಂದಿತ್ತು.

ಇಪ್ಪತ್ತೆರಡು ವರ್ಷ.
ನಾನು ದಡದಲ್ಲಿ ಉಸಿಪಾ ಒಣಗಿಸಿ ಮಾರುತ್ತೇನೆ,
ಕಿರುಬೆರಳಿನುದ್ದದ ಬೆಳ್ಳಿಮೀನು, ಅಳತೆ ತಟ್ಟೆ ಲೆಕ್ಕ.
ಅವನು ನಮ್ಮ ವಾರ್ಡಿನ ಕೌನ್ಸಿಲರ್.
ಕೊಳವೆಬಾವಿ ಉದ್ಘಾಟನೆಗೆ ಡೋಲು ಬಂತು, ಮೈಕು ಬಂತು,
ಅವನ ಮುಖ ಅಚ್ಚಾದ ಚಿತೆಂಜೆ ಬಟ್ಟೆ ಬಂತು.
ನಾನೂ ಒಂದು ಇಸಿದುಕೊಂಡೆ.
(ತಿಂದ ಮತ, ಎರಡು?)
ಸೊಂಟಕ್ಕೆ ಬಿಗಿದು ಸುತ್ತಿಕೊಂಡೆ,
ಮೀನಿನ ಕೈಯನ್ನು ಅವನ ಕೆನ್ನೆಗೇ ಒರೆಸಿ
ಎದ್ದು ನಿಂತೆ.

ಎಷ್ಟಿತ್ತು? ಎಷ್ಟಿದೆ? ಉಳಿದದ್ದು ಎಲ್ಲಿ?

ಡೋಲಿನವನ ಕೈ ಗಾಳಿಯಲ್ಲೇ ನಿಂತಿತು.
ಪಕ್ಷದ ಹುಡುಗರು ಕೂಗಿದರು: "ಕೂರೇ, ಮೀನಿನವಳೇ!"
ಹಿಂದೆ ಮಾವಿನ ಮರದಡಿ, ಒಂದು ಕಿವಿ ಮಂದವಾದ
ಲುಸುಂಗು ಮೇಡಂ ಪಕ್ಕದವಳನ್ನು ತಿವಿದರು:
"ಏನಂದ? ಏನಂದ ಅವನು?"
"ಇನ್ನೂ ಏನೂ ಅಂದಿಲ್ಲ, ಅಜ್ಜಿ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ,
ಬಿಳಿ ಪುಡಿ ಇನ್ನೂ ಹತ್ತಿದೆಯೇನೋ ಎಂಬಂತೆ.
"ಇವತ್ತು ಯಾವ ವಾರ?"
"ಮಂಗಳವಾರ!" ಎಂದವು ಮಕ್ಕಳು.
"ಶುಕ್ರವಾರ ಬರುತ್ತೇನೆ," ಎಂದ.
ಯಾರೂ ನಂಬಲಿಲ್ಲ. ನಾನೂ.

ಬಂದ.
ಡೋಲಿಲ್ಲ, ಬಾಡಿಗೆ ಸೈಕಲ್ಲಿನ ಹಿಂಬದಿಯಲ್ಲಿ,
ಕಂಕುಳಲ್ಲಿ ಒಂದು ನೋಟುಪುಸ್ತಕ.
ಪೈಪಿಗೆ ಇಷ್ಟು, ಸಿಮೆಂಟಿಗೆ ಇಷ್ಟು, ಲಾರಿಗೆ ಇಷ್ಟು.
ಓದುತ್ತಾ ಓದುತ್ತಾ ದನಿ ಇಳಿಯಿತು:
ಆರು ಲಕ್ಷ ಕ್ವಾಚಾ ತಾಳೆಯಾಗಲಿಲ್ಲ.
ಕೊಟ್ಟದ್ದು ಯಾರಿಗೆಂದು ಹೆಸರು ಹೇಳಿದ.
ಆ ಹೆಸರು ಬಲು ದೊಡ್ಡದು; ಗುಂಪು ಗಪ್ಪಾಯಿತು.

"ಹೇಳಿದನಲ್ಲ. ಬರೆದುಕೋ," ಎಂದರು ಮೇಡಂ.
ಬರೆದುಕೊಂಡೆವು.
ಆಮೇಲೇನು ಎಂಬ ಪಾಠಕ್ಕೆ
ಐದನೇ ತರಗತಿ ಮುಗಿದುಹೋಗಿತ್ತು.
ಕತ್ತಲಾಗುವ ತನಕ ಕೂತು ಜಗಳಾಡಿದೆವು:
ಜಿಲ್ಲೆಗೆ ಅರ್ಜಿಯೋ, ರೇಡಿಯೋಗೆ ಫೋನೋ,
ಇವನನ್ನು ಇಟ್ಟುಕೊಳ್ಳುವುದೋ ಬಿಡುವುದೋ.
ಇನ್ನೂ ತೀರಿಲ್ಲ. ಶುಕ್ರವಾರಗಳು ಬೇಕಾದಷ್ಟಿವೆ.

ಆ ಚಿತೆಂಜೆಯನ್ನು ಈಗ ದಡದಲ್ಲಿ ಹಾಸುತ್ತೇನೆ.
ಅವನ ಹಣೆಯ ಮೇಲೆ, ಕಣ್ಣ ಮೇಲೆ, ನಗೆಯ ಮೇಲೆ
ಬಿಸಿಲಿಗೆ ಉಸಿಪಾ ಒಣಗುತ್ತದೆ.
ಸಂಜೆ ಎಣಿಸಿ ಎತ್ತಿಕೊಳ್ಳುತ್ತೇನೆ.